ಹಳೇ ಡೇಟಾಬೇಸ್ ತುಂಬಿಸಿ ಕೊಡಿ ಅಂತ ಕೇಳಿದ್ದು ಯಾರು?

ಹೊಸ ಕಂಪ್ಯೂಟರ್ ಮಾರುವಾಗ ಅದರಲ್ಲಿ ಏನೇನಿದೆ ಅಂತ ಉದ್ದದ ಪಟ್ಟಿ ಕೊಡುತ್ತಾರೆ. ಒಳಗೆ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್‌ನ ಹಳೇ ವರ್ಷನ್ 9.6 ಓಡುತ್ತಾ ಇರುತ್ತದೆ ಅಂತ ಮಾತ್ರ ಎಲ್ಲೂ ಬರೆದಿರಲಿಲ್ಲ. 2021ರ ನವೆಂಬರ್‌ಗೇ ಅದರ ಆಯಸ್ಸು ಮುಗಿದಿದೆ. ಸೆಕ್ಯುರಿಟಿ ಪ್ಯಾಚ್ ಕೂಡ ಬರುವುದಿಲ್ಲ. ಅಂಥದ್ದನ್ನು ತುಂಬಿಸಿ, ಆನ್ ಮಾಡಿದ ಕೂಡಲೇ ಎದ್ದು ಕೂರುವ ಹಾಗೆ ಮಾಡಿಟ್ಟಿದ್ದಾರೆ ಮಹಾನುಭಾವರು.

ನನಗೆ ಬೇಕಿದ್ದದ್ದು ಅದರದೇ ವರ್ಷನ್ 16. ಇನ್‌ಸ್ಟಾಲರ್ ಏನೂ ತಕರಾರು ಮಾಡಲಿಲ್ಲ. ಮಾಡಿದ್ದರೇ ಚೆನ್ನಾಗಿತ್ತು. 5432ನೇ ಪೋರ್ಟ್, ಅಂದರೆ ಡೇಟಾಬೇಸ್ ಜೊತೆ ಮಾತಾಡುವ ಬಾಗಿಲು, ಅದರ ಮೇಲೆ ಹಳೆಯದು ಆಗಲೇ ಟವೆಲ್ ಹಾಕಿತ್ತಲ್ಲ, ಹೊಸದಕ್ಕೆ ಸುಮ್ನೆ 5433 ಕೊಟ್ಟು ಕೈ ತೊಳೆದುಕೊಂಡಿತು.

ಈಗ ಟರ್ಮಿನಲ್‌ನಲ್ಲಿ ಪಿಸೀಕ್ವೆಲ್ (ಡೇಟಾಬೇಸ್ ಒಳಗೆ ಹೋಗುವ ಕಮಾಂಡ್) ಅಂತ ಹೊಡೆದರೆ ತೆರೆಯುವುದು ಹಳೆಯದು. ಕಮಾಂಡನ್ನು ಯಾವ ಫೋಲ್ಡರ್‌ಗಳಲ್ಲಿ ಹುಡುಕಬೇಕು ಅನ್ನುವ ಪಟ್ಟಿ ಇದೆಯಲ್ಲ, ಪಾತ್ ಅಂತ, ಅದರಲ್ಲಿ ಹಳೆಯದರ ಫೋಲ್ಡರೇ ಮುಂದಿದೆ. ಅದು ನೆಟ್ಟಗೆ ಹಳೇ ಸರ್ವರ್‌ಗೇ ಹೋಗುತ್ತದೆ. ಅಲ್ಲಿ ನನ್ನ ಪಾಸ್‌ವರ್ಡ್ ನಡೆಯಲ್ಲ. ಅಲ್ಲಿನ ಪಾಸ್‌ವರ್ಡ್ ಇಟ್ಟ ಪುಣ್ಯಾತ್ಮ ಯಾರೋ! ಸರಿ, ಪೋರ್ಟ್ 5433 ಅಂತ ಬಿಡಿಸಿ ಹೇಳಿದರೆ, "ಆಥೆಂಟಿಕೇಶನ್ ಮೆಥಡ್ 10 ನಾಟ್ ಸಪೋರ್ಟೆಡ್" ಅನ್ನುತ್ತದೆ. ಇದನ್ನು ಓದಿ ಯಾರಿಗೆ ಏನು ಅರ್ಥ ಆಗಬೇಕು? ವಿಷಯ ಇಷ್ಟೇ. ವರ್ಷನ್ 14ರಿಂದ ಈಚೆಗೆ ಪಾಸ್‌ವರ್ಡ್ ಪರೀಕ್ಷಿಸುವುದಕ್ಕೆ ಸ್ಕ್ರಾಮ್ ಅನ್ನುವ ವಿಧಾನವೇ ಡೀಫಾಲ್ಟ್. ಆ ಸ್ಕ್ರಾಮ್ ಬಂದದ್ದು 2017ರಲ್ಲಿ, ವರ್ಷನ್ 10ರ ಜೊತೆ. 9.6ರ ಕ್ಲೈಂಟ್‌ಗೆ, ಅಂದರೆ ಆ ಹಳೇ ಪಿಸೀಕ್ವೆಲ್‌ಗೆ, ಅದರ ಗಂಧಗಾಳಿ ಇಲ್ಲ. ಅಂದಹಾಗೆ, ಆ ಮೆಥಡ್ 10ಕ್ಕೂ ವರ್ಷನ್ 10ಕ್ಕೂ ಸಂಬಂಧ ಇಲ್ಲ. ಗೊಂದಲಕ್ಕೆ ಅದೊಂದು ಕಡಿಮೆ ಇತ್ತು!

ಇದಕ್ಕೆ ಜನ ಕೊಡುವ ಸಲಹೆ ಕೇಳಿದರೆ ಇನ್ನೂ ಮೈ ಉರಿಯುತ್ತದೆ. ಸೆಟ್ಟಿಂಗ್ಸ್ ಫೈಲ್‌ನಲ್ಲಿ 'ಟ್ರಸ್ಟ್' ಅಂತ ಬರೆದುಬಿಡಬೇಕಂತೆ. ಅಂದರೆ ಯಾರನ್ನೂ ಪಾಸ್‌ವರ್ಡೇ ಕೇಳಬೇಡ ಅಂತ. ಇಲ್ಲಾಂದ್ರೆ ಪಾಸ್‌ವರ್ಡ್ ಪರೀಕ್ಷಿಸುವ ಹಳೇ ಎಂಡಿ5 ವಿಧಾನಕ್ಕೇ ವಾಪಸ್ ಹೋಗಬೇಕಂತೆ. ಹಳೆಯದಕ್ಕೆ ಅರ್ಥ ಆಗಲ್ಲ ಅಂತ ಹೊಸದರ ಬೀಗ ಕಿತ್ತುಹಾಕಬೇಕಾ?

ಬ್ಯಾಕಪ್ ಸ್ಕ್ರಿಪ್ಟ್ ಕೂಡ, ಬ್ಯಾಕಪ್ ತೆಗೆಯುವ ಕಮಾಂಡ್ ಪಿಜಿ ಡಂಪ್ ಇದೆಯಲ್ಲ, ಅದರಲ್ಲಿ ಹಳೆಯದನ್ನೇ ಹಿಡಿಯಿತು. ಸರ್ವರ್ ತನಗಿಂತ ಹೊಸದು ಅಂತ ಕಂಡ ಕೂಡಲೇ ಅದು ನಿಂತುಬಿಟ್ಟಿತು. ಇದರ ಮೇಲೆ ನನಗೆ ಸಿಟ್ಟಿಲ್ಲ. ಅರ್ಧಂಬರ್ಧ ಬ್ಯಾಕಪ್ ಕೊಡುವುದಕ್ಕಿಂತ ಕೈ ಎತ್ತುವುದೇ ವಾಸಿ. ಈಗ ಪ್ರತಿ ಕಮಾಂಡಿಗೂ ಫೋಲ್ಡರ್ ಸಮೇತ ಪೂರ್ತಿ ವಿಳಾಸ ಬರೆಯುತ್ತಾ ಕೂತಿದ್ದೇನೆ.

ಹಳೆಯದನ್ನು ತೆಗೆದು ಬಿಸಾಡೋಣ ಅಂದರೆ, ಕಂಪ್ಯೂಟರ್ ಜೊತೆಗೇ ಬಂದ ಇನ್ನೊಂದು ಸಾಫ್ಟ್‌ವೇರ್ ಅದನ್ನೇ ನಂಬಿಕೊಂಡಿದೆ. ಸಪೋರ್ಟ್‌ನವರನ್ನು ಕೇಳಿದರೆ, "ಅದನ್ನು ಮುಟ್ಟಬೇಡಿ ಸರ್" ಅಂತಾರೆ.

ಮುಟ್ಟಲ್ಲ ಸ್ವಾಮಿ. ಆದರೆ ನಿಮ್ಮ ಸಾಫ್ಟ್‌ವೇರ್‌ಗೆ ಡೇಟಾಬೇಸ್ ಬೇಕಿದ್ದರೆ ಅದರದೇ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ಪಾತ್‌ಗೆ ಸೇರಿಸಬೇಡಿ. ಒಂದು ಕಂಪ್ಯೂಟರ್‌ನಲ್ಲಿ 65 ಸಾವಿರಕ್ಕೂ ಜಾಸ್ತಿ ಪೋರ್ಟ್ ಇವೆ. ನಿಮಗೆ 5432ನೇ ಬೇಕಿತ್ತಾ?