ಊಹಿಸಿ ಓದು, ವಿವರಿಸಿ ಕೂಡು

ಅಮೆರಿಕದ ಎಷ್ಟೋ ಒಂದನೇ ಕ್ಲಾಸುಗಳ ಗೋಡೆಯ ಮೇಲೆ ಒಂದು ಮೃಗಾಲಯವೇ ಇರುತ್ತಿತ್ತು. ಓದುವಾಗ ಗೊತ್ತಿಲ್ಲದ ಪದ ಎದುರಾದರೆ ಏನು ಮಾಡಬೇಕು ಅಂತ ಹೇಳಿಕೊಡುವ ಪ್ರಾಣಿಗಳು ಅವು. ಹದ್ದು ಹೇಳುತ್ತದೆ: ಚಿತ್ರ ನೋಡು, ಗೊತ್ತಾಗುತ್ತೆ. ಮೀನು ಹೇಳುತ್ತದೆ: ಮೊದಲ ಅಕ್ಷರಕ್ಕೆ ತುಟಿ ರೆಡಿ ಮಾಡ್ಕೋ. ಕಪ್ಪೆ ಹೇಳುತ್ತದೆ: ಆ ಪದವನ್ನೇ ಹಾರಿಬಿಡು, ಆಮೇಲೆ ನೋಡ್ಕೊಳ್ಳೋಣ. ಹಾವು ಒಂದು ಮಾತ್ರ ಪದದ ಎಲ್ಲಾ ಸದ್ದುಗಳನ್ನೂ ನಿಧಾನವಾಗಿ ಎಳೆದು ಜೋಡಿಸು ಅನ್ನುತ್ತದೆ. ಅದು ಹಾವು. ಅದರ ಮಾತು ಯಾರು ನಂಬುತ್ತಾರೆ?

ಈಗ ಮಗು ಓದಲು ಕೂತಿದೆ. ಪುಟದಲ್ಲಿ ‘ಹಾರ್ಸ್’ ಅಂತ ಬರೆದಿದೆ, ಪಕ್ಕದಲ್ಲೇ ಕುದುರೆಯ ಚಿತ್ರ. ಮಗು ಹದ್ದಿನ ಮಾತು ಕೇಳಿ ಚಿತ್ರ ನೋಡಿ ‘ಪೋನಿ’, ಅಂದರೆ ಪುಟ್ಟ ಕುದುರೆ, ಅಂತ ಓದುತ್ತದೆ. ಎರಡು ಪದಕ್ಕೂ ಮೊದಲ ಅಕ್ಷರವೇ ಬೇರೆ. ಆದರೆ ಗಾಬರಿ ಬೇಡ. ಇದು ತಪ್ಪಲ್ಲ, ‘ಮಿಸ್‌ಕ್ಯೂ’, ಅಂದರೆ ಸುಳಿವು ಹಿಡಿಯುವಾಗ ಸ್ವಲ್ಪ ಜಾರಿದ್ದು, ಅಷ್ಟೇ. ಅರ್ಥ ಕೆಟ್ಟಿಲ್ಲವಲ್ಲ, ವಾಕ್ಯ ಮುರಿದಿಲ್ಲವಲ್ಲ, ಇನ್ನೇನು ಬೇಕು? ಇದೇ ಲೆಕ್ಕದಲ್ಲಿ ಔಷಧಿ ಅಂಗಡಿಯವರೂ ಚೀಟಿ ಓದಲಿ, ನೋಡೋಣ.

ಇದು ಯಾರೋ ಸೋಮಾರಿ ಟೀಚರ್ ಕಂಡುಹಿಡಿದದ್ದಲ್ಲ. 1967ರಲ್ಲಿ ಕೆನ್ ಗುಡ್‌ಮನ್ ಎಂಬ ಪಂಡಿತರು, ಓದುವುದು ಅಂದರೆ ಭಾಷೆ ಮತ್ತು ಮನಸ್ಸು ಸೇರಿ ಆಡುವ ಊಹೆಯ ಆಟ ಅಂದರು. ನುರಿತ ಓದುಗರು ಪ್ರತಿ ಅಕ್ಷರವನ್ನೂ ನೋಡುವುದಿಲ್ಲ, ಒಂದೆರಡು ಸುಳಿವು ಹಿಡಿದು ಮುಂದೇನು ಬರುತ್ತೆ ಅಂತ ಊಹಿಸುತ್ತಾರೆ ಅನ್ನುವುದು ವಾದ. ಕೇಳಲು ಬಹಳ ಚೆನ್ನಾಗಿತ್ತು. ಆಮೇಲೆ ಸಂಶೋಧಕರು ಯಂತ್ರ ಇಟ್ಟು ಓದುವವರ ಕಣ್ಣು ಹೇಗೆ ಚಲಿಸುತ್ತದೆ ಅಂತ ನೋಡಿದರು. ಚೆನ್ನಾಗಿ ಓದುವವರ ಕಣ್ಣು ಬಹುತೇಕ ಪದಗಳ ಮೇಲೆ ನಿಲ್ಲುತ್ತದೆ, ಅಕ್ಷರಗಳನ್ನು ಹಿಡಿಯುತ್ತದೆ. ಸಂದರ್ಭ ನೋಡಿ ಊಹೆಗೆ ಜೋತುಬೀಳುವವರು ಓದಲು ಕಷ್ಟಪಡುವವರು! ಅಂದರೆ ಈಜು ಬಾರದವನು ಕೈಕಾಲು ಬಡಿಯುವುದನ್ನು ನೋಡಿ, ಅದನ್ನೇ ಈಜಿನ ಪಾಠ ಮಾಡಿದ ಹಾಗಾಯಿತು.

2000ದಲ್ಲಿ ಅಮೆರಿಕದ ರಾಷ್ಟ್ರೀಯ ಓದು ಸಮಿತಿ, ಅಕ್ಷರಕ್ಕೂ ಸದ್ದಿಗೂ ಇರುವ ನಂಟನ್ನು ಕ್ರಮವಾಗಿ ಕಲಿಸಿದರೆ ಮಕ್ಕಳು ಚೆನ್ನಾಗಿ ಓದುತ್ತಾರೆ ಅಂತ ವರದಿ ಕೊಟ್ಟಿತು. ಅಲ್ಲಿಗೆ ಜಗಳ ಮುಗಿಯಬೇಕಿತ್ತು. ಮುಗಿಯಲಿಲ್ಲ. ‘ಸಮತೋಲನದ ಓದು’ ಅಂತ ಒಂದು ಹೆಸರು ಚಾಲ್ತಿಗೆ ಬಂತು. ಸ್ವಲ್ಪ ಅಕ್ಷರ, ಸ್ವಲ್ಪ ಊಹೆ, ಯಾರಿಗೂ ಬೇಜಾರಿಲ್ಲ. ಹಾವಿಗೂ ಒಂದು ಕುರ್ಚಿ, ಕಪ್ಪೆಗೂ ಒಂದು ಕುರ್ಚಿ. ಇತ್ತೀಚೆಗೆ ಕೆಲವು ರಾಜ್ಯಗಳು ಈ ಊಹೆಯ ಪಾಠವನ್ನು ಕಾನೂನು ಮಾಡಿಯೇ ನಿಷೇಧಿಸಿವೆ. ಪದ ಓದಬೇಕಾದರೆ ಪದವನ್ನು ನೋಡಬೇಕು ಅನ್ನುವುದಕ್ಕೆ ಶಾಸನಸಭೆ ಕೂರಬೇಕಾಯಿತು, ಮತ ಹಾಕಬೇಕಾಯಿತು.

ಇಂಗ್ಲೆಂಡಿನವರು ಇನ್ನೊಂದು ಕಡೆಗೆ ಓಡಿದರು. 2012ರಿಂದ ಅಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ಅಕ್ಷರ-ಸದ್ದಿನ ಪರೀಕ್ಷೆ ಇದೆ. 40 ಪದ. ಅದರಲ್ಲಿ 20 ನಿಜವಾದವು, 20 ಅರ್ಥವೇ ಇಲ್ಲದವು. ಅರ್ಥವಿಲ್ಲದ ಪದದ ಪಕ್ಕದಲ್ಲಿ ಅನ್ಯಗ್ರಹದ ಜೀವಿಯ ಚಿತ್ರ, ಇದು ಆ ಜೀವಿಯ ಹೆಸರು ಅಂತ. ಯೋಚನೆ ಕೆಟ್ಟದ್ದೇನಲ್ಲ, ಇಲ್ಲದ ಪದವನ್ನು ಯಾವ ಹದ್ದೂ ಊಹಿಸಲಾರದು. ಆದರೆ ಪರೀಕ್ಷೆ ಅಂದ ಮೇಲೆ ತಯಾರಿ ಇರಲೇಬೇಕು, ಅಲ್ವಾ? ಮನೆಯಲ್ಲಿ ಅಪ್ಪ ಅಮ್ಮ ಮಗುವಿನ ಮುಂದೆ ಕಾರ್ಡು ಹಿಡಿದು ಅನ್ಯಗ್ರಹದ ಹೆಸರುಗಳನ್ನು ಉರು ಹೊಡೆಸತೊಡಗಿದರು. ಆಗಲೇ ಓದಲು ಬರುವ ಕೆಲವು ಮಕ್ಕಳು ಪಾಪ, ಅರ್ಥವಿಲ್ಲದ ಪದವನ್ನು ತಿದ್ದಿ, ಅರ್ಥವಿರುವ ಪದ ಮಾಡಿ ಓದಿ, ಮಾರ್ಕ್ಸ್ ಕಳೆದುಕೊಂಡವು ಅಂತ ಟೀಚರುಗಳೇ ದೂರಿದರು.

ಇರಲಿ. ಗಂಟೆ ಹೊಡೆಯಿತು, ಈಗ ಲೆಕ್ಕದ ಪೀರಿಯಡ್. ಅದೇ ಕೋಣೆ, ಅದೇ ಮಗು. ಆದರೆ ಕಾನೂನು ತಲೆಕೆಳಗು. ಅಲ್ಲಿ ತಪ್ಪು ಪದಕ್ಕೂ ಶಭಾಷ್ ಸಿಕ್ಕಿತ್ತು. ಇಲ್ಲಿ ಸರಿ ಉತ್ತರಕ್ಕೂ ಸಿಗುವುದಿಲ್ಲ.

ಇಂಟರ್‌ನೆಟ್‌ನಲ್ಲಿ ಊರೆಲ್ಲ ಸುತ್ತಿದ ಒಂದು ಹಾಳೆ ಇದೆ. ಪ್ರಶ್ನೆ: 8 + 5 ಕೂಡುವಾಗ 10 ಮಾಡುವುದು ಹೇಗೆ? ಮಗು ನೇರವಾಗಿ ಬರೆದಿತ್ತು: 8 + 5ರಿಂದ 10 ಮಾಡಲು ಆಗುವುದಿಲ್ಲ. ನೂರಕ್ಕೆ ನೂರು ನಿಜ. ಟೀಚರ್ ಪಕ್ಕದಲ್ಲಿ ಗೀಚಿದ್ದು: ಆಗುತ್ತೆ. 5ರಿಂದ 2 ತೆಗೆದು 8ಕ್ಕೆ ಕೊಡು, 10 ಆಯಿತು, ಉಳಿದ 3 ಸೇರಿಸು. ಉಪಾಯ ಒಳ್ಳೆಯದೇ. ಮನಸ್ಸಿನಲ್ಲೇ ಕೂಡುವವರು ಹಾಗೇ ಮಾಡುತ್ತಾರೆ. ಆದರೆ ಉಪಾಯ ಇರುವುದು ಉತ್ತರಕ್ಕಾಗಿಯೋ, ಉತ್ತರ ಇರುವುದು ಉಪಾಯಕ್ಕಾಗಿಯೋ ಅನ್ನುವುದು ಮಾತ್ರ ಆ ಹಾಳೆಯಿಂದ ತಿಳಿಯುವುದಿಲ್ಲ.

2015ರಲ್ಲಿ ಇನ್ನೊಂದು ಹಾಳೆ ಬಂತು. 5 × 3 ಅನ್ನು ಮತ್ತೆ ಮತ್ತೆ ಕೂಡಿ ಬಿಡಿಸಬೇಕು. ಮಗು 5 + 5 + 5 ಅಂತ ಬರೆದು 15 ತಂದಿತ್ತು. ಮಾರ್ಕ್ಸ್ ಕಟ್! ಬರೆಯಬೇಕಾಗಿದ್ದು 3 + 3 + 3 + 3 + 3. ಯಾಕೆಂದರೆ 5 × 3 ಅಂದರೆ ಮೂರು ಮೂರರ ಐದು ಗುಂಪು, ಐದು ಐದರ ಮೂರು ಗುಂಪಲ್ಲ. ಹಿಂದುಮುಂದಾದರೂ ಗುಣಲಬ್ಧ ಅಷ್ಟೇ ಅನ್ನುವುದಕ್ಕೆ ಬೇರೆ ಪಾಠ ಇದೆ. ಆ ಪಾಠ ಬರುವ ತನಕ ಮಗುವಿಗೆ ಅದು ಗೊತ್ತಿರಬಾರದು. ಗೊತ್ತಿದ್ದರೂ ತೋರಿಸಬಾರದು.

ಅಪ್ಪ ಅಮ್ಮಂದಿರು ಇದರಿಂದ ಕಂಗಾಲಾಗುವುದು ಹೊಸದೇನಲ್ಲ. 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹ ಹಾರಿಸಿತು, ಹೆದರಿದ ಅಮೆರಿಕ 1960ರ ದಶಕದಲ್ಲಿ ಪುಟ್ಟ ಮಕ್ಕಳಿಗೆ ಗಣ ಸಿದ್ಧಾಂತ, ಅಂದರೆ ವಸ್ತುಗಳ ಗುಂಪುಗಳ ಗಣಿತ, ಕಲಿಸಲು ಹೊರಟಿತು. ರಾಕೆಟ್ಟಿಗೂ ಒಂದನೇ ಕ್ಲಾಸಿಗೂ ಏನು ಸಂಬಂಧ ಅಂತ ಯಾರೂ ಕೇಳಲಿಲ್ಲ. ಹೋಮ್‌ವರ್ಕ್ ನೋಡಿದ ದೊಡ್ಡವರು ಸುಮ್ನೆ ಎದ್ದುಹೋದರು.

ಇಷ್ಟೆಲ್ಲಾ ವಿವರಣೆ ಕೇಳಿದ ಮೇಲೆ ಮಕ್ಕಳು ಅರ್ಥ ಮಾಡಿಕೊಂಡೇ ಲೆಕ್ಕ ಮಾಡುತ್ತಿರಬೇಕು ಅಂತ ನೀವು ಅಂದುಕೊಳ್ಳಬಹುದು. ಅಷ್ಟು ಬೇಗ ಬೇಡ. ವಾಕ್ಯದ ರೂಪದಲ್ಲಿ ಕೊಟ್ಟ ಲೆಕ್ಕದಲ್ಲಿ ‘ಒಟ್ಟು’ ಅಂತ ಬಂದರೆ ಕೂಡು, ‘ಉಳಿದದ್ದು’ ಅಂತ ಬಂದರೆ ಕಳೆ ಅನ್ನುವ ಪಟ್ಟಿಯೂ ಗೋಡೆ ಮೇಲಿರುತ್ತದೆ. ಕಪ್ಪೆಯ ತಮ್ಮನೇ ಇದು. ಪ್ರಶ್ನೆ ಪೂರ್ತಿ ಓದುವ ಕಷ್ಟ ಇಲ್ಲ. ಸುಳಿವು ಹುಡುಕು, ಸಂಖ್ಯೆ ಹಿಡಿ, ಏನಾದರೂ ಮಾಡು.

ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಗಣಿತ ಕಲಿಕೆಯ ಸಂಶೋಧಕರು 1980ರ ಸುಮಾರಿಗೆ ಪುಟ್ಟ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟರು: ಒಂದು ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಕ್ಯಾಪ್ಟನ್ ವಯಸ್ಸು ಎಷ್ಟು? 97 ಮಕ್ಕಳಲ್ಲಿ 76 ಮಕ್ಕಳು ಆ ಸಂಖ್ಯೆಗಳನ್ನೇ ಹಿಡಿದು ವಯಸ್ಸು ಲೆಕ್ಕ ಹಾಕಿಬಿಟ್ಟರು. 26ಕ್ಕೆ 10 ಸೇರಿಸಿದರೆ 36. ಅಷ್ಟಕ್ಕೂ ಕ್ಯಾಪ್ಟನ್ನಿಗೆ 36 ಚೆನ್ನಾಗೇ ಒಪ್ಪುತ್ತದೆ, ಅರ್ಥ ಕೆಟ್ಟಿಲ್ಲ, ವಾಕ್ಯ ಮುರಿದಿಲ್ಲ. ಇವತ್ತಿನ ಹಾಳೆಯಾಗಿದ್ದರೆ ಕೆಳಗೆ ಒಂದು ಚೌಕವೂ ಇರುತ್ತಿತ್ತು: ನೀವು ಹೇಗೆ ಯೋಚಿಸಿದಿರಿ ವಿವರಿಸಿ. ಮಗು 26ಕ್ಕೆ ಮೇಕೆಗಳಿಂದ 4ನ್ನು ತಂದು 30 ಮಾಡಿ, ಉಳಿದ 6 ಮೇಕೆ ಸೇರಿಸಿ, ಚಿತ್ರವನ್ನೂ ಬಿಡಿಸುತ್ತಿತ್ತು. ವಿಧಾನ ಸರಿ, ಹತ್ತು ಮಾಡಿದ್ದು ಸರಿ, ಚಿತ್ರವಂತೂ ಮುದ್ದಾಗಿದೆ. ಒಂದೇ ಒಂದು ಮಾರ್ಕ್ ಹೋಗುತ್ತಿತ್ತು: ಒಂದು ಮೇಕೆಗೆ ಕೊಂಬು ಹಾಕಿಲ್ಲ.