ಕಪ್ಪು ಬಟ್ಟೆ ಹಾಕಿದವರೆಲ್ಲ ದೆವ್ವದ ಪೂಜೆ ಮಾಡೋರಲ್ಲ, ಕಾಕಿ

ನಿನ್ನೆ ಕುಬುಸದ ಮನೆಯಲ್ಲಿ ಊಟ ಮುಗಿಸಿ ಕೂತಿದ್ದೆವು. ನಮ್ಮ ಲಂಡನ್ ಫೋಟೋ ನೋಡಬೇಕು ಅಂತ ಫೋನ್ ಇಸ್ಕೊಂಡರು. ಸೇತುವೆ, ಕೆಂಪು ಬಸ್ಸು ಎಲ್ಲ ಚೆಂದ ಅಂದರು. ಕಪ್ಪು ಬಟ್ಟೆ ತೊಟ್ಟು ತಮ್ಮದೇ ಥರದ ಸಂಗೀತಕ್ಕೆ ಕುಣಿಯೋ 'ಗಾತ್' ಅನ್ನೋ ಮಂದಿಯ ಕ್ಲಬ್ಬಿನ ಫೋಟೋ ಬಂದಾಗ ಒಬ್ಬ ಕಾಕಿ ಫೋನನ್ನು ದೂರ ಹಿಡಿದು ಕೇಳಿದರು: "ಏನವ್ವಾ, ಇವ್ರೆಲ್ಲ ದೆವ್ವದ ಪೂಜಿ ಮಾಡೋರೇನು? ಗಂಡ-ಹೆಂಡ್ತಿ ಹೋಗೋ ಜಾಗಾನೇನು ಇದು?" ನಾಲ್ಕು ಜನ ಹೌದೌದು ಅಂದರು. ಬಸುರಿ ಹುಡುಗಿ ಎದುರಿಗೆ ಜಗಳ ಬೇಡ ಅಂತ ಸುಮ್ಮನಿದ್ದೆ. ಆದರೆ ಹೊಟ್ಟೆಯುರಿ ಇನ್ನೂ ಇಳಿದಿಲ್ಲ.

ನಮ್ಮ ಮನೆಯವರ ಸಂಗೀತದ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಹೈದರಾಬಾದಿನ ಹಾಸ್ಟೆಲ್‌ನಲ್ಲಿದ್ದಾಗ ಕ್ಯಾಸೆಟ್ಟಿಗೆ ತುಂಬಿಸಿಕೊಂಡ ಬೌಹೌಸ್, ದಿ ಕ್ಯೂರ್ ಅನ್ನೋ ಬ್ಯಾಂಡುಗಳ ಹಾಡುಗಳನ್ನು ಈಗಲೂ ಕೇಳ್ತಾರೆ. ಪಂಕ್ ಅನ್ನೋ ಒರಟು ರಾಕ್ ಸಂಗೀತದ ಬೆನ್ನಿಗೇ 1979ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಈ ಗಾತ್ ಸಂಗೀತ ಶುರುವಾಯಿತು. 1982ರಲ್ಲಿ ಲಂಡನ್ನಿನ ಸೋಹೋದಲ್ಲಿ ಬ್ಯಾಟ್‌ಕೇವ್ ಅನ್ನೋ ಕ್ಲಬ್ ತೆರೆಯಿತು, ಈ ಮಂದಿಗೆ ಸೇರೋಕೊಂದು ಜಾಗ ಸಿಕ್ಕಿತು. ಅದು ಮುಚ್ಚಿ ಎಷ್ಟೋ ಕಾಲವಾಯಿತು. ನಾವು ಹೋಗಿದ್ದು ಏಂಜೆಲ್ ಸ್ಟೇಷನ್ ಹತ್ತಿರದ ಸ್ಲೈಮ್‌ಲೈಟ್ ಅನ್ನೋ ಕ್ಲಬ್ಬಿಗೆ. ಅದು 1987ರದು. ತಮ್ಮ ಕಾಲೇಜಿನ ಆಸೆ ಅದು ಅಂತ ಇವರು ಅಂದಾಗ, ನಾನೂ ಬರ್ತೀನಿ ಅಂದೆ. ಯಾಕೆ ಬರಬಾರದು?

ನಾನು ಉಟ್ಟಿದ್ದು ಅವ್ವನ ಕಪ್ಪು ಚಂದ್ರಕಾಳಿ ಸೀರೆ. ಕಿವಿಗೆ ಬಿದ್ರಿ ಜುಮಕಿ.

ಒಳಗೆ ಕತ್ತಲು, ಹೊಗೆ, ಎದೆಗೆ ಬಡಿಯೋ ಸದ್ದು. ಬಿಳಿ ಬಳಿದ ಮುಖ, ಕಾಡಿಗೆ ತೀಡಿದ ಕಣ್ಣು, ನೆಟ್ಟಗೆ ನಿಂತ ಕೂದಲು. ಇಷ್ಟೇ ಫೋಟೋದಲ್ಲಿ ಕಾಣೋದು. ಕಾಣದ್ದನ್ನು ಹೇಳ್ತೀನಿ. ಅಲ್ಲಿ ಜಾಸ್ತಿ ಜನ ಒಬ್ಬೊಬ್ಬರೇ ಕುಣೀತಾರೆ. ತಮ್ಮ ಪಾಡಿಗೆ ತಾವು ಕಣ್ಣು ಮುಚ್ಚಿ, ಕೈ ನಿಧಾನಕ್ಕೆ ಆಡಿಸ್ತಾ. ಅಷ್ಟು ಗದ್ದಲದಲ್ಲೂ ಯಾರ ಕೈಯೂ ನನಗೆ ತಾಕಲಿಲ್ಲ. ನಮ್ಮೂರ ಬಸ್ ಹತ್ತುವಾಗ ಸೆರಗು ಬಿಗಿ ಹಿಡಿಯೋ ಹೆಂಗಸರಿಗೆ ಇದರ ಬೆಲೆ ಗೊತ್ತಾಗುತ್ತೆ. ಇವರೂ ಕುಣಿದರು. ತಲೆಗೂದಲು ನರೆತ ಮೇಲೆ ನನ್ನ ಗಂಡ ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ.

ಮೂಗಿಗೆ ನಾಲ್ಕು ರಿಂಗ್ ಹಾಕಿದ ಒಬ್ಬ ಆಳೆತ್ತರದ ಹುಡುಗ ಬಂದು, ಕೈ ಕಟ್ಟಿಕೊಂಡೇ ಬಗ್ಗಿ ನನ್ನ ಜುಮಕಿ ನೋಡಿದ. ಈ ಕಪ್ಪು ಹೇಗೆ ಬಂತು ಅಂತ ಕೇಳಿದ. ನಾನು ಬೀದರಿನವಳು, ಬಿಡ್ತೀನಾ? ಸತುವಿಗೆ ಚೂರು ತಾಮ್ರ ಬೆರೆಸಿ ಎರಕ ಹೊಯ್ಯೋದು, ಕೆತ್ತಿದ ಗೆರೆಯಲ್ಲಿ ಬೆಳ್ಳಿ ತಂತಿ ಕೂರಿಸಿ ಬಡಿಯೋದು, ಕೊನೆಗೆ ಕೋಟೆಯ ಮಣ್ಣು, ನವಸಾಗರ ಹಾಕಿ ಕುದಿಸಿದ ನೀರಲ್ಲಿ ಅದ್ದೋದು. ಲೋಹ ಕಪ್ಪಾಗುತ್ತೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತೆ. ಸದ್ದಿನಲ್ಲಿ ಕಿರುಚಿ ಕಿರುಚಿ ಎಲ್ಲ ಹೇಳಿದೆ. ಅವನು ಗೆಳತಿಯನ್ನು ಕರೆದು ಅವಳಿಗೂ ಹೇಳಿಸಿದ. ಇವರೇನು ನಮ್ಮ ಕಾಕಿ ಕಂಡ ದೆವ್ವಗಳು!

ಕಪ್ಪು ಕಂಡರೆ ಯಾಕಿಷ್ಟು ಗಾಬರಿ? ಹಾಗೆ ಕೇಳಿದ ಕಾಕಿಯ ಕೊರಳಲ್ಲೇ ಕರಿಮಣಿ ಇತ್ತು. ಕೂಸಿಗೆ ದೃಷ್ಟಿ ಆಗಬಾರದು ಅಂತ ಇಡೋದು ಕರಿ ಬೊಟ್ಟು. ಅಯ್ಯಪ್ಪ ಮಾಲೆ ಹಾಕಿದವರ ಕಪ್ಪು ಬಟ್ಟೆಗೆ ಕೈ ಮುಗೀತೀವಿ. ಮೊಹರಂನಲ್ಲಿ ಕಪ್ಪು ತೊಟ್ಟವರನ್ನು ನೋಡ್ತಾನೇ ಬೆಳೆದಿದ್ದೀವಿ. ಗೋರಿ ಅಂದರೆ ಗಾತ್ ಮಂದಿಗೆ ಇಷ್ಟವಂತೆ, ಅದಕ್ಕೂ ಒಂದು ಮಾತು ಬಂತು. ಬೀದರ ಪಕ್ಕದ ಅಷ್ಟೂರಿನ ಗೋರಿಗಳಿಗೆ ಬುತ್ತಿ ಕಟ್ಟಿಕೊಂಡು ಹೋಗೋರು ನಾವೇ ಅಲ್ವಾ? ಅಲ್ಲಿ ಮಲಗಿರೋರು ಬಹಮನಿ ಸುಲ್ತಾನರು. ಅಹ್ಮದ್ ಶಾ ವಲಿಯ ಗೋರಿಗೆ ಜಂಗಮರು ಬರ್ತಾರೆ, ಅಲ್ಲಮಪ್ರಭು ಅಂತ ನಡ್ಕೊಳ್ತಾರೆ. ಇಷ್ಟೆಲ್ಲ ಕಂಡ ಊರಿನವರು ಒಂದು ಫೋಟೋಗೆ ಬೆದರಿದರೆ ನನಗೆ ಸಂಕಟವಾಗುತ್ತೆ.

ಪರದೇಶ ನೋಡಿ ಬಂದಳು, ಅದಕ್ಕೇ ಅಲ್ಲಿಯವರನ್ನು ಹೊಗಳ್ತಾಳೆ ಅನ್ನಬಹುದು. ಹಾಗಲ್ಲ. 2007ರಲ್ಲಿ ಅದೇ ಇಂಗ್ಲೆಂಡಿನ ಲ್ಯಾಂಕಾಶೈರ್‌ನ ಪಾರ್ಕೊಂದರಲ್ಲಿ, ಗಾತ್ ಬಟ್ಟೆ ಹಾಕಿದ್ದಕ್ಕೇ ಒಂದು ಜೋಡಿಯನ್ನು ಹುಡುಗರ ಗುಂಪು ಬಡಿದು ಹಾಕಿತು. ಹುಡುಗ ಉಳಿದ. 20 ವರ್ಷದ ಹುಡುಗಿ ಸತ್ತಳು. 2013ರಿಂದ ಮ್ಯಾಂಚೆಸ್ಟರ್ ಪೊಲೀಸರು ಇಂಥ ಹಲ್ಲೆಯನ್ನು ದ್ವೇಷದ ಅಪರಾಧ ಅಂತಲೇ ಬರ್ಕೊಳ್ತಾರೆ. ಕ್ಲಬ್ ಬಾಗಿಲಲ್ಲಿ ಒಬ್ಬಾಕೆ ಉದ್ದ ಕೋಟಿನ ಗುಂಡಿ ಕೊರಳತನಕ ಹಾಕ್ಕೊಳ್ತಾ ಇದನ್ನೆಲ್ಲ ಹೇಳಿದಳು. ರೈಲಿನಲ್ಲಿ ಒಬ್ಬಳೇ ಹೋಗಬೇಕಿತ್ತು ಆಕೆಗೆ. "ದೆವ್ವದ ಪೂಜಿ ಮಾಡೋರೇನು" ಅಂದಾಗ ನನಗೆ ನೆನಪಾಗಿದ್ದು ಆ ಗುಂಡಿ ಹಾಕೋ ಬೆರಳುಗಳೇ. ಅಂಥ ಮಾತು ಸುಮ್ನೆ ಮಾತಾಗಿ ಉಳಿಯಲ್ಲ ಕಾಕಿ.

ಇನ್ನು ಕುಡಿದ್ರೇನು, ಎಷ್ಟು ಹೊತ್ತಿಗೆ ಬಂದ್ರಿ ಅಂತ ಕೇಳಿದವರಿಗೆ ಲೆಕ್ಕ ಕೊಡಲ್ಲ. ಗಂಡನ ಜೊತೆ ಹೋಗಿದ್ದೆ, ನಗ್ತಾ ವಾಪಸ್ ಬಂದೆ.

ಜರ್ಮನಿಯ ಲೈಪ್‌ಜಿಗ್‌ನಲ್ಲಿ 1992ರಿಂದ ಕ್ರೈಸ್ತರ ಪೆಂಟೆಕೋಸ್ಟ್ ಹಬ್ಬದ ಹೊತ್ತಿಗೆ ಗಾತ್ ಮಂದಿಯ ದೊಡ್ಡ ಜಾತ್ರೆ ಆಗುತ್ತೆ. ಸಾವಿರಾರು ಜನ ಹಾಡುಹಗಲೇ ಕಪ್ಪು ತೊಟ್ಟು ಊರೆಲ್ಲ ತಿರುಗ್ತಾರಂತೆ. ರೊಕ್ಕ ಕೂಡಿದರೆ ಅಲ್ಲಿಗೂ ಹೋಗ್ತೀವಿ. ಇವರ ಅಂಗಿಗೆ ಬಿದ್ರಿ ಗುಂಡಿ ಮಾಡಿಕೊಡಿ ಅಂತ ಕಾರೀಗರರಿಗೆ ಇವತ್ತು ಬೆಳಿಗ್ಗೆ ಹೇಳಿ ಬಂದೆ.