ಅಂಟು ಕುದಿಸುತ್ತಿದ್ದ ಹುಡುಗಿ

ಹೋದ ಭಾನುವಾರ ಅಕ್ಕನ ಮಗಳು ಮನೆಗೆ ಬಂದಿದ್ದಳು. ಸೆಕೆಂಡ್ ಪಿಯುಸಿ ಮುಗಿದಿದೆ. ಊಟ ಆದಮೇಲೆ ಫೋನ್ ಹಿಡಿದು ಪಕ್ಕದಲ್ಲಿ ಕೂತಳು. "ಚಿಕ್ಕಮ್ಮ, ಇದನ್ನ ನೋಡು" ಅಂದಳು. ಫ್ರೆಂಚ್ ಫ್ರೈಸ್ ಪೊಟ್ಟಣದ ಆಕಾರದ ಪುಟ್ಟ ಬ್ಯಾಗು. ಮೈತುಂಬ ಹರಳು. ಬೆಲೆ ಲಕ್ಷಗಟ್ಟಲೆ. ಉದ್ದ ಉಗುರಿನ ಬೆರಳಲ್ಲಿ ಫೋಟೋ ದೊಡ್ಡದು ಮಾಡಿ ತೋರಿಸಿದಳು. "ನಾನೂ ಇಂಥದ್ದೊಂದು ಬ್ರ್ಯಾಂಡ್ ಮಾಡ್ಬೇಕು. ಡಿಸೈನ್ ನಾನು ಮಾಡ್ತೀನಿ, ಹೊಲಿಯೋಕೆ ಯಾರಾದ್ರೂ ಸಿಗ್ತಾರೆ ಅಲ್ವಾ?"

ಆ ಕೊನೇ ಮಾತು ಚುಚ್ಚಿತು. 14 ವರ್ಷದಿಂದ ಬೆಂಗಳೂರಿನ ಒಂದು ಬ್ಯಾಗ್ ಕಂಪನಿಯ ಸ್ಯಾಂಪಲ್ ರೂಮಿನಲ್ಲಿ, ಅಂದರೆ ಹೊಸ ಬ್ಯಾಗಿನ ಮೊದಲ ಮಾದರಿ ಮಾಡುವ ಕೋಣೆಯಲ್ಲಿ, ದುಡಿಯುತ್ತಿದ್ದೇನೆ. ಅವಳು ಹೇಳಿದ ಆ 'ಯಾರಾದ್ರೂ' ನಾವೇ. ಬೈಯಬೇಕು ಅನ್ನಿಸಲಿಲ್ಲ. ಅವಳ ಫೋನಿನಲ್ಲಿದ್ದ ಬ್ಯಾಗಿನ ಮೇಲೆ ಯಾರ ಹೆಸರಿದೆಯೋ ಅವರ ಕಥೆ ಹೇಳೋಣ ಅನ್ನಿಸಿತು. ಅವಳಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ.

ಜುಡಿತ್ ಲೀಬರ್. ಹುಟ್ಟಿದ್ದು 1921ರಲ್ಲಿ, ಹಂಗೇರಿಯ ಬುಡಾಪೆಸ್ಟ್‌ನಲ್ಲಿ, ಯಹೂದಿ ಕುಟುಂಬದಲ್ಲಿ. ಅಪ್ಪ ಹೊರದೇಶಕ್ಕೆ ಹೋದಾಗಲೆಲ್ಲ ಅಮ್ಮನಿಗೆ ಚಂದದ ಕೈಚೀಲಗಳನ್ನು ತರುತ್ತಿದ್ದರಂತೆ. ಮಗಳು ಕೆಮಿಸ್ಟ್ರಿ ಓದಿ ಕ್ರೀಮು, ಪೌಡರಿನ ಉದ್ಯಮಕ್ಕೆ ಹೋಗಲಿ ಅಂತ 1938ರಲ್ಲಿ ಲಂಡನ್ನಿಗೆ ಕಳಿಸಿದರು. 1939ರಲ್ಲಿ ಯುದ್ಧ ಶುರುವಾಯಿತು. ಅಷ್ಟರಲ್ಲಿ ಊರಿಗೆ ಮರಳಿದ್ದ ಹುಡುಗಿ ಬುಡಾಪೆಸ್ಟ್‌ನಲ್ಲೇ ಉಳಿದಳು. ಓದು ನಿಂತಿತು. ಪೆಸ್ಲ್ ಅನ್ನುವ ಕೈಚೀಲದ ಕಂಪನಿಯಲ್ಲಿ ಕೆಲಸ ಕಲಿಯೋಕೆ ಸೇರಿಕೊಂಡಳು.

ಮೊದಲ ಕೆಲಸ ಏನು ಗೊತ್ತಾ? ನೆಲ ಗುಡಿಸೋದು, ಅಂಟು ಕುದಿಸೋದು. ಆಮೇಲೆ ಪ್ಯಾಟರ್ನ್ ತೆಗೆಯೋದು, ಚರ್ಮ ಕತ್ತರಿಸೋದು, ಹೊಲಿಯೋದು, ಫ್ರೇಮು ಕೂರಿಸೋದು. ಅಲ್ಲಿ ಕೈಕೆಲಸಕ್ಕೆ ಸಂಘವಿತ್ತು, ಸಂಘದೊಳಗೆ ಮೆಟ್ಟಿಲುಗಳಿದ್ದವು. ಮೊದಲು ಕಲಿಯುವವರು, ಆಮೇಲೆ ಪಳಗಿದ ಕೆಲಸಗಾರರು, ಕೊನೆಗೆ ಮಾಸ್ಟರ್. ಜುಡಿತ್ ಆ ಮೆಟ್ಟಿಲುಗಳನ್ನೆಲ್ಲ ಹತ್ತಿದರು. ಹಂಗೇರಿಯ ಕೈಚೀಲ ಕುಶಲಕರ್ಮಿಗಳ ಸಂಘಕ್ಕೆ ಸೇರಿದ ಮೊದಲ ಹೆಂಗಸು ಅವರು.

ಆಮೇಲೆ ನಾಜಿಗಳು ಬಂದರು. ಅಪ್ಪನನ್ನು ಲೇಬರ್ ಕ್ಯಾಂಪಿಗೆ ಎಳೆದೊಯ್ದರು. ಸ್ವಿಟ್ಜರ್ಲೆಂಡಿನ ರಕ್ಷಣಾ ಪತ್ರ ಸಿಕ್ಕಿದ್ದರಿಂದ ಕುಟುಂಬದ ಜೀವ ಉಳಿಯಿತು. ಒಂದೇ ಅಪಾರ್ಟ್‌ಮೆಂಟಿನಲ್ಲಿ 26 ಜನ ಬದುಕಿದರು. ಕೊನೆಗೆ ಯಹೂದಿಗಳನ್ನು ಕೂಡಿಹಾಕಿದ್ದ ಗೆಟ್ಟೋಗೂ ಹೋಗಬೇಕಾಯಿತು. ಇದನ್ನು ಹೇಳುವಾಗ ನನ್ನ ಅಕ್ಕನ ಮಗಳು ಫೋನ್ ಕೆಳಗಿಟ್ಟಳು.

ಯುದ್ಧ ಮುಗಿದಾಗ ಅವರ ಹತ್ತಿರ ಉಳಿದಿದ್ದು ಕೈಯಲ್ಲಿದ್ದ ಕೆಲಸ ಒಂದೇ. ಬುಡಾಪೆಸ್ಟ್‌ನ ಅಮೆರಿಕನ್ ರಾಯಭಾರ ಕಚೇರಿಯ ಹೆಂಗಸರಿಗೆ ಬ್ಯಾಗ್ ಮಾಡಿಕೊಟ್ಟರು. 1945ರಲ್ಲಿ ಗೆರ್ಸನ್ ಲೀಬರ್ ಅನ್ನುವ ಅಮೆರಿಕನ್ ಸೈನಿಕನ ಪರಿಚಯವಾಯಿತು, ಮರುವರ್ಷ ಮದುವೆ, 1947ರಲ್ಲಿ ನ್ಯೂಯಾರ್ಕ್.

ನ್ಯೂಯಾರ್ಕಿನ ಕಾರ್ಖಾನೆಗಳಲ್ಲಿ ಒಬ್ಬರು ಕತ್ತರಿಸುತ್ತಿದ್ದರು, ಇನ್ನೊಬ್ಬರು ಅಂಟಿಸುತ್ತಿದ್ದರು, ಮತ್ತೊಬ್ಬರು ಹೊಲಿಯುತ್ತಿದ್ದರು. ಒಂದು ಬ್ಯಾಗನ್ನು ಶುರುವಿನಿಂದ ಕೊನೆಯವರೆಗೆ ಒಬ್ಬರೇ ಮಾಡೋದು ಅಪರೂಪ. ಜುಡಿತ್‌ಗೆ ಪೂರ್ತಿ ಬ್ಯಾಗು ಮಾಡೋದು ಗೊತ್ತಿತ್ತು. ನಮ್ಮ ಲೈನಿನಲ್ಲೂ ಇವತ್ತು ಕೆಲಸ ಹಾಗೇ ಹಂಚಿಹೋಗಿದೆ. ಝಿಪ್ ಹಾಕುವವರಿಗೆ ಝಿಪ್ ಮಾತ್ರ, ಲೈನಿಂಗ್ ಹಾಕುವವರಿಗೆ ಲೈನಿಂಗ್ ಮಾತ್ರ. ಪೂರ್ತಿ ಬ್ಯಾಗು ಗೊತ್ತಿರೋದು ಸ್ಯಾಂಪಲ್ ರೂಮಿನ ಮೂರು ನಾಲ್ಕು ಜನರಿಗೆ. ಅದಕ್ಕೇ ಜುಡಿತ್ ನನಗೆ ಹತ್ತಿರದವರು ಅನ್ನಿಸೋದು.

1953ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಮೇಮಿ ಐಸೆನ್‌ಹೋವರ್ ಪದಗ್ರಹಣ ಸಮಾರಂಭದ ನೃತ್ಯಕೂಟಕ್ಕೆ ಹಿಡಿದು ಹೋದ ಹರಳಿನ ಬ್ಯಾಗು ಜುಡಿತ್ ಮಾಡಿದ್ದು. ಹೆಸರು ಬಂದಿದ್ದು ಅವರು ಕೆಲಸಕ್ಕಿದ್ದ ನೆಟ್ಟಿ ರೋಸೆನ್‌ಸ್ಟೈನ್ ಕಂಪನಿಗೆ. ಇನ್ನೂ 10 ವರ್ಷ ಬೇರೆಯವರಿಗಾಗಿಯೇ ದುಡಿದರು. 1963ರಲ್ಲಿ ಗಂಡನ ಜೊತೆ ಸೇರಿ ಸ್ವಂತ ಕಂಪನಿ ಶುರು ಮಾಡಿದಾಗ ವಯಸ್ಸು 42. ವ್ಯವಹಾರ ಗಂಡ ನೋಡಿಕೊಂಡರು, ಬ್ಯಾಗು ಹೆಂಡತಿ.

ಈಗ ಎಲ್ಲರೂ ಹೇಳುವ ಕಥೆಗೆ ಬರುತ್ತೇನೆ. 1967ರಲ್ಲಿ ಚಿನ್ನದ ಲೇಪ ಹಾಕಿಸಿದ ಲೋಹದ ಪೆಟ್ಟಿಗೆಯಂಥ ಬ್ಯಾಗಿನ ಸ್ಯಾಂಪಲ್ ಬಂತು. ಬಿಚ್ಚಿ ನೋಡಿದರೆ ಬಣ್ಣ ಕೆಟ್ಟಿದೆ. ಜುಡಿತ್ ಅದನ್ನು ಎಸೆಯಲಿಲ್ಲ. ಕೆಟ್ಟ ಜಾಗಕ್ಕೆ ಹರಳು ಅಂಟಿಸಿ ಮುಚ್ಚಿಬಿಟ್ಟರು. ಅಲ್ಲಿಂದ ಅವರ ಹರಳಿನ ಬ್ಯಾಗುಗಳ ಕಾಲ ಶುರುವಾಯಿತು. ಪ್ರಾಣಿ, ಪಕ್ಷಿ, ಟೊಮೆಟೊ ಎಲ್ಲ ಬ್ಯಾಗಾದವು. ಮೇಣದಲ್ಲಿ ಅಚ್ಚು ಮಾಡಿ, ಲೋಹದಲ್ಲಿ ಎರಕ ಹೊಯ್ದು, ಲೇಪ ಕೊಟ್ಟು, ಸಾವಿರಾರು ಹರಳನ್ನು ಒಂದೊಂದಾಗಿ ಕೈಯಲ್ಲೇ ಅಂಟಿಸಬೇಕು. ಒಂದು ಬ್ಯಾಗಿಗೆ ದಿನಗಟ್ಟಲೆ ಬೇಕು.

ಈ ಕಥೆಯನ್ನು ಎಲ್ಲ ಕಡೆ ಅದೃಷ್ಟ ಅಂತ ಬರೆಯುತ್ತಾರೆ. ನಾನು ಒಪ್ಪೋದಿಲ್ಲ. ಕೆಟ್ಟ ಸ್ಯಾಂಪಲ್ ನಮಗೂ ವಾರಕ್ಕೊಂದು ಬರುತ್ತೆ. ವಾಪಸ್ ಕಳಿಸಿ ಅನ್ನೋದು ಸುಲಭ. ಹರಳು ಎಲ್ಲಿ ನಿಲ್ಲುತ್ತೆ, ಯಾವ ಅಂಟು ಲೋಹಕ್ಕೆ ಹಿಡಿಯುತ್ತೆ, ಎಲ್ಲಿ ಕೈ ತಾಗಿ ಕಿತ್ತುಬರುತ್ತೆ, ಇವೆಲ್ಲ ಗೊತ್ತಿದ್ದವರು ಮಾತ್ರ ಅದನ್ನು ಟೇಬಲ್ ಮೇಲೆ ಇಟ್ಟುಕೊಂಡು ಯೋಚನೆ ಮಾಡುತ್ತಾರೆ. ಅಂಟು ಕುದಿಸೋಕೆ ಶುರು ಮಾಡಿದ 28 ವರ್ಷದ ಮೇಲೆ ಬಂದ ಅದೃಷ್ಟ ಅದು.

ನಮ್ಮ ಮಾಸ್ಟರ್ ಬಗ್ಗೆ ಹೇಳಲೇಬೇಕು. ಅಂಚು ಮಡಿಚುವ ಮೊದಲು ಚರ್ಮವನ್ನು ಒಳಗಿನಿಂದ ತೆಳ್ಳಗೆ ಹೆರೆಯಬೇಕು. ಮಷೀನ್ ಇದೆ, ಆದರೆ ಮೂಲೆಗಳನ್ನು ಅವರು ಕೈಯಲ್ಲೇ ಹೆರೆಯುತ್ತಾರೆ. ಎಡಗೈ ಹೆಬ್ಬೆರಳಿನಿಂದ ತುಂಡನ್ನು ಕಲ್ಲಿನ ಮೇಲೆ ಒತ್ತಿ ಹಿಡಿದು, ಬಲಗೈಯಲ್ಲಿ ಚರ್ಮ ಕೊಯ್ಯುವ ರಂಪಿಗೆ ಹಿಡಿದು ಒಂದೇ ಸಲ ತಳ್ಳುತ್ತಾರೆ. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಚೂರು ಸುರುಳಿ ಸುತ್ತಿಕೊಂಡು ಬೀಳುತ್ತೆ. ಆಮೇಲೆ ಆ ಮೂಲೆಯನ್ನು ಸಣ್ಣ ಸಣ್ಣ ನೆರಿಗೆ ಮಾಡಿ ಕೂರಿಸಿ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾರೆ. ನೆರಿಗೆ ಎಲ್ಲಿದೆ ಅಂತ ಹುಡುಕಿದರೂ ಸಿಗೋದಿಲ್ಲ. ಅದನ್ನು ಕಲಿಯೋಕೆ ನನಗೆ ಎರಡು ವರ್ಷ ಬೇಕಾಯಿತು.

ಅವರು ಈ ಕೆಲಸ ಕಲಿತಿದ್ದು ಚಪ್ಪಲಿ ಹೊಲಿಯುತ್ತಿದ್ದ ಅಪ್ಪನಿಂದ. 40 ವರ್ಷಕ್ಕಿಂತ ಜಾಸ್ತಿ ದುಡಿದಿದ್ದಾರೆ. ಮಾರ್ಚಿನಲ್ಲಿ ನಿವೃತ್ತಿಯಾದರು. ಶಾಲು ಹೊದಿಸಿ ಒಂದು ಗೋಡೆ ಗಡಿಯಾರ ಕೊಟ್ಟರು. ಅವರು ಮೊದಲ ಸ್ಯಾಂಪಲ್ ಮಾಡಿಕೊಟ್ಟ ಎಷ್ಟೋ ಬ್ಯಾಗುಗಳು ದೊಡ್ಡ ದೊಡ್ಡ ಅಂಗಡಿಗಳಲ್ಲಿ ಮಾರಾಟವಾಗಿವೆ. ಒಂದರಲ್ಲೂ ಅವರ ಹೆಸರಿಲ್ಲ. 'ಇವರು ಈ ಕೆಲಸದ ಮಾಸ್ಟರ್' ಅಂತ ಬರೆದ ಒಂದು ಕಾಗದವೂ ಅವರ ಹತ್ತಿರ ಇಲ್ಲ.

ಚರ್ಮ ಮುಟ್ಟುವ ಕೈಯನ್ನು ದೂರ ಇಟ್ಟ ಸಮಾಜ ನಮ್ಮದು. ಬಸವಣ್ಣನವರಿಗಾಗಿ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿದ ಕಥೆ ಕೇಳಿ ಕಣ್ಣೊರೆಸಿಕೊಳ್ಳುತ್ತೇವೆ. ಆದರೆ ಮಗ ಚರ್ಮದ ಕೆಲಸ ಕಲಿಯುತ್ತೇನೆ ಅಂದರೆ ಮನೆಯಲ್ಲಿ ಗಲಾಟೆ. ಬುಡಾಪೆಸ್ಟ್‌ನ ಮಧ್ಯಮ ವರ್ಗದ ಮನೆಯ ಹುಡುಗಿಗೆ ಆ ಸಂಘ ಒಂದು ಮೆಟ್ಟಿಲು ಕೊಟ್ಟಿತ್ತು. ನಮ್ಮ ಮಾಸ್ಟರಿಗೆ ಯಾರೂ ಅಂಥ ಮೆಟ್ಟಿಲು ಕೊಡಲಿಲ್ಲ. ನನಗೆ ನಿಜವಾಗಿ ಸಂಕಟ ಆಗೋದು ಇಲ್ಲಿ. ಡಿಸೈನ್ ಕಾಲೇಜುಗಳು ಬೇಕು, ಖಂಡಿತ ಬೇಕು. ಆದರೆ ಇಂಥವರನ್ನು ಆ ಕಾಲೇಜುಗಳಲ್ಲಿ ಮೇಷ್ಟ್ರಾಗಿ ಕೂರಿಸಬೇಕು, ಸಂಬಳ ಕೊಟ್ಟು, ಹೆಸರಿನ ಬೋರ್ಡ್ ಹಾಕಿ.

ಜುಡಿತ್‌ಗೆ 1973ರಲ್ಲಿ ಅಮೆರಿಕದ ಫ್ಯಾಷನ್ ಲೋಕದ 'ಕೋಟಿ' (Coty) ಪ್ರಶಸ್ತಿ ಬಂತು. ಬ್ಯಾಗುಗಳು ಮ್ಯೂಸಿಯಂ ಸೇರಿದವು. 1993ರಲ್ಲಿ ಕಂಪನಿ ಮಾರಿದರು, 1998ರವರೆಗೂ ಕೆಲಸ ಮಾಡಿದರು. ಅಂದರೆ ನನ್ನ ಅಕ್ಕನ ಮಗಳು ನೋಡಿದ ಫ್ರೆಂಚ್ ಫ್ರೈಸ್ ಬ್ಯಾಗು ಅವರು ಬಿಟ್ಟುಹೋದ ಮೇಲೆ ಬೇರೆಯವರು ಮಾಡಿದ್ದು. ವಯಸ್ಸಾದ ಮೇಲೆ ತಾವೇ ಮಾಡಿದ ಹಳೇ ಬ್ಯಾಗುಗಳನ್ನು ಹುಡುಕಿ ಹುಡುಕಿ ವಾಪಸ್ ಕೊಂಡುಕೊಂಡರು. ಅವುಗಳಿಗಾಗಿ, ಗಂಡನ ಚಿತ್ರಗಳಿಗಾಗಿ ನ್ಯೂಯಾರ್ಕ್ ರಾಜ್ಯದ ಈಸ್ಟ್ ಹ್ಯಾಂಪ್ಟನ್‌ನಲ್ಲಿ ಒಂದು ಮ್ಯೂಸಿಯಂ ಕಟ್ಟಿದರು. 2018ರ ಏಪ್ರಿಲ್ 28ರಂದು, ಕೆಲವೇ ಗಂಟೆಗಳ ಅಂತರದಲ್ಲಿ, ಗಂಡ ಹೆಂಡತಿ ಇಬ್ಬರೂ ಹೋದರು. 72 ವರ್ಷದ ಸಂಸಾರ.

ಕಥೆ ಮುಗಿದಮೇಲೆ ಅಕ್ಕನ ಮಗಳು ತುಂಬ ಹೊತ್ತು ಸುಮ್ನೆ ಕೂತಿದ್ದಳು. ಆಮೇಲೆ "ನಿಮ್ಮ ಮಾಸ್ಟರ್ ನಂಗೆ ಕಲಿಸ್ತಾರಾ?" ಅಂತ ಕೇಳಿದಳು. ಅಲ್ಲೇ ಫೋನ್ ಮಾಡಿದೆ. ಅವರು ವಿಷಯ ಎಲ್ಲ ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಭಾನುವಾರ ಬೆಳಿಗ್ಗೆ ಕರ್ಕೊಂಡು ಬಾರಮ್ಮ" ಅಂದರು. "ಉಗುರು ಕತ್ತರಿಸಿಕೊಂಡು ಬರೋಕೆ ಹೇಳು. ಚರ್ಮದ ಮೇಲೆ ಗೀರು ಬಿದ್ರೆ ಹೋಗಲ್ಲ."